ಖಾಲಿ ಮೊಟ್ಟೆ

ಡಿಸೆಂಬರ್ ೧೮, ಗುರುವಾರ

ಊದಿ ಊದಿ ಕೆನ್ನೆ ಹಿಡಿದುಕೊಂಡಿದೆ. ಕ್ರಿಸ್‌ಮಸ್ ಮರಕ್ಕೆ ಅಮ್ಮ ಪ್ರತಿವರ್ಷ ಮೊಟ್ಟೆಯ ಚಿಪ್ಪಿಗೆ ಬಣ್ಣ ಬಳಿದು ತೂಗುಹಾಕುತ್ತಿದ್ದಳು. ಈ ಸಲ ಅವಳಿಗೆ ಉಸಿರು ಸಾಲದು. ಹಾಗಾಗಿ ಸೂಜಿಯಿಂದ ಎರಡು ತುದಿಗೂ ತೂತು ಮಾಡಿ, ಒಳಗಿನದನ್ನೆಲ್ಲ ಊದಿ ತೆಗೆಯುವ ಕೆಲಸ ನನ್ನ ತಲೆಗೆ ಬಂತು. ಮುಟ್ಟಿದ್ದೆಲ್ಲ ಒಡೆದುಹೋಯಿತು. ವಾರದಿಂದ ಮನೆಯಲ್ಲಿ ಬರೀ ಆಮ್ಲೆಟ್.

"ಬಲೂನು ಊದಿದ ಹಾಗೆ ಊದ್ಬೇಡ ಕಣೇ, ಮೆತ್ತಗೆ!" ಅಂತ ಕುರ್ಚಿಯಲ್ಲಿ ಕೂತು ಅಮ್ಮನ ಅಪ್ಪಣೆ ಬೇರೆ.

ಇವತ್ತು ಸಂಜೆ ಕೊನೆಗೂ ಒಂದು ಇಡಿಯಾಗಿ ಉಳಿಯಿತು. ತೊಳೆದು, ಒಣಗಲೆಂದು ಮೊಟ್ಟೆಯ ಟ್ರೇಯಲ್ಲೇ ಇಟ್ಟು ಬಣ್ಣ ತರಲು ಹೋದೆ. ಬರುವಷ್ಟರಲ್ಲಿ ನಮ್ಮ ಯಜಮಾನರು, ಎಂದೂ ಒಲೆ ಮುಟ್ಟದವರು, ಪಾಪ ನಾನು ಸುಸ್ತಾಗಿದ್ದೇನೆಂದು ಅಡುಗೆಗೆ ನಿಂತು ಅದನ್ನೇ ಬಾಣಲೆಯ ಅಂಚಿಗೆ ಕುಟ್ಟಿದ್ದರು.

"ನೋಡೇ, ಅಂಗಡಿಯವನು ಟೋಪಿ ಹಾಕಿದಾನೆ. ಇದ್ರಲ್ಲಿ ಏನೂ ಇಲ್ಲ!"

ಅಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. "ನಗೋಕೆ ಉಸಿರಿದೆ, ಊದೋಕೆ ಮಾತ್ರ ಇಲ್ವಾ?" ಎಂದುಬಿಟ್ಟೆ.

ನಗು ನಿಂತಿತು. ಅಮ್ಮ ಎದ್ದು ಬಂದು, ಒಂದು ಮೊಟ್ಟೆ ತೆಗೆದು, ತಾನೇ ತೂತು ಮಾಡಿ, ತುಟಿಗಿಟ್ಟು ಊದಿದಳು. ಒಂದು ಹನಿಯೂ ಹೊರಬರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು ಮಲಗಲು ಹೋದಳು.

ಅದು ಈಗ ಮೇಜಿನ ಮೇಲಿದೆ. ಊದೋಣವೆಂದು ಬಾಯಿಗಿಟ್ಟರೆ ನನಗೂ ಉಸಿರು…