ತುಟಿ ಜೋಪಾನ

ಶೆಫೀಲ್ಡ್
೮ ಮಾರ್ಚ್ ೧೯೩೬

ಪ್ರೀತಿಯ ವಿನ್ನಿ ಅಕ್ಕನಿಗೆ,

ನೀನೂ ಭಾವನೂ ಪಾಪುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೊಡ್ಡ ಫುಟ್‌ಬಾಲ್ ಕ್ಲಬ್ಬಿನವರ ಆಯ್ಕೆ ಪಂದ್ಯ ಏನಾಯಿತೆಂದು ನೀನು ಕೇಳುತ್ತಲೇ ಇದ್ದೀಯ, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಬೇಕಾದಷ್ಟು ಬೈದುಕೋ, ಆದರೆ ಪೂರ್ತಿ ಓದು.

ಇಲ್ಲಿ ಎಲ್ಲ ಹಾಗೇ ಇದೆ. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಕರ್ರಗೆ. ನಮ್ಮ ಉಕ್ಕಿನ ಕಾರ್ಖಾನೆಗೆ ಕೆಲಸ ಕೇಳಿ ಬಂದವನನ್ನು ಇವತ್ತಿಗೂ ಮೊದಲು ಕೇಳುವುದು, "ಏನು ಊದ್ತೀಯ? ಇಲ್ಲಾ, ಚೆಂಡು ಒದೀತೀಯ?" ಎಂದೇ. ಎರಡೂ ಬರುವ ನನಗೆ ಬೀದಿಯಲ್ಲಿ ಮರ್ಯಾದೆಗೇನೂ ಕಮ್ಮಿಯಿಲ್ಲ. ಶನಿವಾರ ಗೋಲ್‌ಕೀಪರ್, ಭಾನುವಾರ ಕಾರ್ಖಾನೆಯ ಬ್ಯಾಂಡಿನಲ್ಲಿ ಕಾರ್ನೆಟ್ ತುತ್ತೂರಿ. ಆದರೆ ನಾವಿರುವ ಮನೆ ಕಾರ್ಖಾನೆಯವರು ಬ್ಯಾಂಡಿನವರಿಗೆ ಕೊಡುವ ಮನೆ. ಕುಲುಮೆಯ ಹೊಗೆಗೆ ಅಪ್ಪನಿಗೆ ದಮ್ಮು ಹತ್ತಿದ ಮೇಲೆ ಬ್ಯಾಂಡಿನಲ್ಲಿ ಅವರ ಕುರ್ಚಿಗೆ ನಾನು ಬಂದೆ. ನಾನು ಎದ್ದರೆ ಮನೆಯೂ ಹೋಗುತ್ತದೆ. ಕ್ಲಬ್ಬಿನವರು ತೆಗೆದುಕೊಂಡಿದ್ದರೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಈ ಹೊಗೆ ಬಿಟ್ಟು ಹೋಗಬಹುದಿತ್ತು. ಅಪ್ಪನಿಗೆ ಆ ಮಾತೇ ಬೇಡ.

ಪಂದ್ಯದ ದಿನ ಹೊರಡುವಾಗ ಅಪ್ಪ ನನ್ನ ತುಟಿಗೆ ಕೊಬ್ಬು ಸವರಿದರು, ಚಿಕ್ಕವನಿದ್ದಾಗ ಸವರುತ್ತಿದ್ದ ಹಾಗೆ.

"ಚೆಂಡು ಬಿಟ್ರೂ ಪರವಾಗಿಲ್ಲ ಕಣೋ ಕ್ಲಿಫ್, ತುಟಿ ಜೋಪಾನ. ಮುಂದಿನ ಹಲ್ಲು ಹೋದೋನು ಊದೋದು ಬರೀ ಗಾಳಿ."

"ಹುಡುಗ ಆಟಕ್ಕೆ ಹೊರಟಿದಾನೋ ಮದುವೆಗೋ? ಬಿಡಿ ಅವನನ್ನ," ಎಂದಳು ಅಮ್ಮ.

ಮೊದಲರ್ಧ ಚೆನ್ನಾಗಿಯೇ ಹಿಡಿದೆ. ಆಯ್ಕೆಗೆ ಬಂದಿದ್ದ ಮುದುಕ ಗೋಲಿನ ಹಿಂದೆಯೇ ನಿಂತು ತಲೆದೂಗುತ್ತಿದ್ದ. ಆಮೇಲೆ ಒಂದು ಚೆಂಡು ನೇರ ಮುಖಕ್ಕೆ ಬಂತು. ಮಕ್ಕಳೂ ಹಿಡಿಯುವಂಥ ಚೆಂಡು. ನನ್ನ ಕೈಗಳು ಬಾಯಿ ಮುಚ್ಚಿಕೊಂಡವು, ತಲೆ ತಗ್ಗಿತು, ಚೆಂಡು ಬಲೆಗೆ ಬಿತ್ತು.

"ಏನಪ್ಪಾ, ಹಲ್ಲುನೋವಾ?" ಎಂದ ಮುದುಕ. ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ. ಬೇಲಿಯಾಚೆಯಿಂದ ಟೋಪಿ ಎತ್ತಿ ತೋರಿಸಿ ಮನೆಗೆ ಹೊರಟರು. ಸಂಜೆ ಬಿಯರ್ ಅಂಗಡಿಯಲ್ಲಿ, "ನನ್ ಮಗ ಬ್ಯಾಂಡ್ ಉಳಿಸ್ದ" ಎಂದು ಎಲ್ಲರಿಗೂ ಹೇಳಿದರಂತೆ. ಈಗ ಕಂಡಕಂಡವರು ನನ್ನ ಬೆನ್ನು ತಟ್ಟುತ್ತಾರೆ, ಅವರ ಮೇಲೆಲ್ಲ ನನಗೆ ಸಿಟ್ಟು. ಅಪ್ಪನ ಮೇಲೆ ಮಾತ್ರ ಸಿಟ್ಟು ಬರುವುದಿಲ್ಲ, ಅಷ್ಟು ಸಂತೋಷವಾಗಿದ್ದಾರೆ. ಅತ್ತ ದರಿ, ಇತ್ತ ಪುಲಿ. ಬ್ಯಾಂಡಿಗೆ ಹೋಗಿ ಊದಿ ಬರುತ್ತಿದ್ದೇನೆ. ಈಸ್ಟರ್ ಸ್ಪರ್ಧೆಗೆ ಅಭ್ಯಾಸ ನಡೆದಿದೆ.

ಅಮ್ಮ ಪಾಪುವಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಭಾವನನ್ನು ಕೇಳಿದೆನೆಂದು ಹೇಳು. ಆ ಸಮುದ್ರದ ಗಾಳಿಯಲ್ಲಿ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಕ್ಲಿಫರ್ಡ್

ಮತ್ತೆ: ಇದನ್ನು ಅಪ್ಪನಿಗೆ ತಿಳಿಸಬೇಡ. ಆಟ ಮುಗಿದ ಮೇಲೆ ಆ ಮುದುಕ, "ಒಳ್ಳೆ ಹುಡುಗ, ಇನ್ನೊಂದ್ಸಲ ನೋಡೋಣ" ಎಂದು ನನ್ನನ್ನು ಗೋಲಿನಲ್ಲಿ ನಿಲ್ಲಿಸಿ ಅದೇ ಥರ ಚೆಂಡು ಹೊಡೆಸಿದ. ಹಲ್ಲು ಹೋದರೆ ಹೋಗಲಿ, ಮನೆ ಹೋದರೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ನಿಂತಿದ್ದೆ, ಅಕ್ಕ. ಕೈ ಬಾಯಿಗೇ ಹೋಯಿತು.