ಮೈಲಾರಪ್ಪನ ಗಾಡಿಗೆ ಹೊಸ ಸ್ಪೀಕರು

9 ಜನವರಿ 1992, ಗುರುವಾರ. ಸಂಜೆ

ಬೆಳಗ್ಗೆ ಮೂರು ರೇಡಿಯೋ, ಒಂದು ಇಸ್ತ್ರಿಪೆಟ್ಟಿಗೆ. ಇಸ್ತ್ರಿಪೆಟ್ಟಿಗೆ ನನ್ನ ಕೆಲಸವಲ್ಲ ಎಂದು ಬೋರ್ಡು ಬರೆಸಬೇಕು. ರಾಣೇಬೆನ್ನೂರಿನಲ್ಲಿ ವೈರು ಇದ್ದದ್ದೆಲ್ಲ ನನ್ನ ಅಂಗಡಿಗೇ ಬರುತ್ತದೆ.

ಮಧ್ಯಾಹ್ನ ಕರ್ಜಗಿಯ ಮೈಲಾರಪ್ಪ ಬಂದ. ಹಳೆಯ ಪಿಕಪ್ ಜೀಪು, ಹದಿನೆಂಟು ವರ್ಷದ್ದು. ಹಳ್ಳಿಗಳಿಂದ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೇರುತ್ತಾನೆ. ಜೊತೆಗೆ ಹೆಂಡತಿ ಉಚ್ಚಂಗೆವ್ವ. ಕ್ಲೀನರ್ ಕೆಲಸವೂ ಅವಳದೇ. ಗಾಡಿಯ ಟೇಪು ಸರಿಯಿಲ್ಲವಂತೆ.

"ಭಜನಿ ಕ್ಯಾಸೆಟ್ ಹಚ್ಚಿದ್ರ ತಬಲಾ ಕೇಳಸ್ತೈತ್ರಿ ಸಾಬ್ರ. ಮಾತು ತಿಳೀವಲ್ದು. ಬಾಯಾಗ ಅವಲಕ್ಕಿ ಇಟ್ಕೊಂಡು ಹಾಡಿದಂಗ ಆಗ್ತೈತಿ."

ಹಾವೇರಿಯಲ್ಲಿ ಇಬ್ಬರು ನೋಡಿ, ಸೆಟ್ಟು ಸರಿಯಿದೆ ಎಂದು ಕಳಿಸಿದರಂತೆ. ಅವರಿಗೇನು ಗೊತ್ತು! ಸ್ಪೀಕರಿನ ಕಾಗದ ಹಪ್ಪಳವಾಗಿದೆ. ನಾಳೆ ತಾ ಎಂದೆ. ಇಪ್ಪತ್ತಾರು ವರ್ಷ ಪಳಗಿದ ಕಿವಿ ನನ್ನದು. ಕೈ ಇಡುವ ಮೊದಲೇ ರೋಗ ಹೇಳುತ್ತದೆ.

10 ಜನವರಿ, ಶುಕ್ರವಾರ

ನಮಾಜು ಮುಗಿಸಿ ಬಂದು ಕೆಲಸಕ್ಕೆ ಕುಳಿತೆ. ಹೊಸ ಸ್ಪೀಕರು ಎರಡು. ಮೇಲೆ ಎರಡು ಟ್ವೀಟರ್ — ತಾಳ, ಗೆಜ್ಜೆ, ಇಂಥ ತೆಳ್ಳಗಿನ ದನಿಗೆಂದೇ ಇರುವ ಪುಟ್ಟ ಸ್ಪೀಕರು. ಹಚ್ಚಿ ನೋಡಿದೆ. ಮಾತು ಒಂದೊಂದೂ ಕಾಳು ಕಾಳು.

ಮೈಲಾರಪ್ಪ ಮುಖ ಕಿವುಚಿದ. "ಇನ್ನಾ ಗೊಗ್ಗರ ಐತ್ರಿ."

ಸಿಟ್ಟು ಬಂತು. ನಾಲ್ಕು ದಿನ ಓಡಲಿ, ಹದಕ್ಕೆ ಬರುತ್ತದೆ ಎಂದು ಕಳಿಸಿದೆ.

ಗಾಡಿ ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಒಂದು ಚೋದ್ಯ. ಎಲ್ಲ ಕಡೆ ಕ್ಲೀನರ್ ಹಿಂದೆ ನಿಂತು ಬಾಡಿ ಬಡಿಯುತ್ತಾನೆ. ಸಣ್ಣಗೆ ಬಡಿಯುತ್ತಿದ್ದರೆ ಬರಬಹುದು, ಒಂದು ಗಟ್ಟಿ ಏಟು ಬಿದ್ದರೆ ನಿಲ್ಲಬೇಕು. ಉಚ್ಚಂಗೆವ್ವ ಬಡಿಯುವುದಿಲ್ಲ. ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಸೆರಗು ಬೀಸುತ್ತಾಳೆ. "ರೈಲ್ವೆ ಗಾರ್ಡ್ ಆಗಬೇಕಿತ್ತ ನೋಡವ್ವಾ ನೀನು" ಎಂದು ಚೇಷ್ಟೆ ಮಾಡಿದೆ. ನಗಲಿಲ್ಲ.

17 ಜನವರಿ

ಮತ್ತೆ ಬಂದ. ಅದೇ ರಾಗ. ಟ್ವೀಟರ್ ಸತ್ತಿವೆ ಎಂದ. ಸಾಮಾನು ಕೊಟ್ಟ ಹುಬ್ಬಳ್ಳಿಯ ಅಂಗಡಿಯವನು ಕೊಳೆತ ಮಾಲು ದಾಟಿಸಿದ್ದಾನೆ ಎಂದು ನಾನೂ ಬೈದೆ. ಬೇರೆ ಜೋಡಿ ಹಾಕಿದೆ. ಮೈಲಾರಪ್ಪ ಸುಮ್ಮನೆ ಹೋದ. ಬೈದು ಹೋಗಿದ್ದರೆ ಚೆನ್ನಾಗಿತ್ತು.

21 ಜನವರಿ, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆಯಲ್ಲೇ ತಿರುಗುತ್ತದೆ.

ಮೈಲಾರಪ್ಪ ಮತ್ತೆ ಗಾಡಿ ತಂದ. ತಪ್ಪು ಎಲ್ಲಿದೆ ಎಂದು ಹಿಡಿಯಲು ದೊಡ್ಡ ಸ್ಪೀಕರಿನ ವೈರು ಕಿತ್ತೆ. ಟ್ವೀಟರ್ ಎರಡೇ ಉಳಿದವು. ಕ್ಯಾಸೆಟ್ ಹಚ್ಚಿದೆ. ತಾಳದ ದನಿ ಸೂಜಿಯ ಹಾಗೆ ಕಿವಿಗೆ ಚುಚ್ಚಿತು. ಎದುರಿನ ಚಹಾದಂಗಡಿಯವನು ತಿರುಗಿ ನೋಡಿದ.

ಮೈಲಾರಪ್ಪ ಸೀಟಿನ ಮೇಲೆ ಕುಳಿತಿದ್ದ. ಟ್ವೀಟರು ಅವನ ಕಿವಿಯಿಂದ ಗೇಣು ದೂರ. ನನ್ನ ಮುಖ ನೋಡುತ್ತಿದ್ದ.

"ಹಚ್ಚಿಲ್ಲೇನ್ರಿ ಇನ್ನಾ?"

ಎರಡು ಜೋಡಿ ಟ್ವೀಟರ್ ಹಾಕಿದೆ. ಮನುಷ್ಯನ ಕಿವಿಯ ಕಡೆ ಒಮ್ಮೆಯೂ ನೋಡಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಉತ್ತರ ಕೊಡುತ್ತಾನೆ, ಅದಕ್ಕೇ ತಿಳಿಯಲಿಲ್ಲ. ಆ ಕಡೆ ಉಚ್ಚಂಗೆವ್ವ ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದಳು.

ಫ್ಯೂಜು ಹೋಗಿದೆ ಎಂದೆ.

22 ಜನವರಿ

ಮುಂಜಾನೆ ಮೊದಲ ಬಸ್ಸಿಗೆ ಉಚ್ಚಂಗೆವ್ವ ಒಬ್ಬಳೇ ಬಂದಳು. ಕುಳಿತುಕೊಳ್ಳಲಿಲ್ಲ.

"ಅಣ್ಣಾರ, ನಿಮಗ ತಿಳೀತು, ಹೌದಲ್ರಿ?"

ಎಷ್ಟು ದಿನದಿಂದ ಎಂದು ಕೇಳಿದೆ.

"ಎರಡ ವರ್ಷ ಆತ್ರಿ. ಹಿಂದಿನವ್ರು ಹಾರ್ನ್ ಹೊಡದ್ರ ನಾನ ನಮ್ಮವರ ತೊಡಿ ಚಿವಟತೇನಿ. ಏನ ಚೇಷ್ಟೆ ಮಾಡ್ತೀ ಅಂತಾರ. ಇಂಜಿನ್ ಸಪ್ಪಳಕ್ಕ ಕೇಳಸೂದಿಲ್ಲ ಅಂತ ತಿಳ್ಕೊಂಡಾರ. ಹೇಳಬ್ಯಾಡ್ರಿ ಅವರಿಗೆ."

ಹೇಳದಿದ್ದರೆ ಹೇಗವ್ವಾ ಎಂದೆ.

"ನಮ್ಮ ಮಾವಗ ಕಿವಿ ಹೋದಾಗ ಊರ ಮಂದಿ ಹೆಸರ ಬಿಟ್ಟಬಿಟ್ರು. ಸಾಯೂತನಕ ಕೆಪ್ಪ ಅಂತಾನ ಕರದ್ರು. ಹೆಣದ ಮುಂದ ಸೈತ ಕೆಪ್ಪ ಹೋದ ಅಂದ್ರು. ಇವರು ಕೆಪ್ಪನ ಮಗಾ ಅನಿಸ್ಕೊಂಡ ಬೆಳದಾರ. ಈಗ ತಾವ ಕೆಪ್ಪ ಅಂತ ಗೊತ್ತಾದ್ರ ಗಾಡಿ ಅಷ್ಟ ಅಲ್ರಿ, ಕೂಳೂ ಬಿಡ್ತಾರ. ಜೋರ ಆಗೂವಂಥಾದ್ದು ಏನರ ಹಾಕ್ರಿ. ನಾನು ಅದೇನಿ, ನೋಡ್ಕೋತೇನಿ."

ಕೈ ಮುಗಿದಳು. ಹೂಂ ಎಂದುಬಿಟ್ಟೆ. ಮಾತೂ ಕೊಟ್ಟೆ.

29 ಜನವರಿ

ಆಂಪ್ಲಿಫಾಯರ್ ಕೂಡಿಸಿದೆ. ಪ್ರಚಾರದ ಗಾಡಿಗಳಿಗೆ ಹಾಕುವಂಥದು, ಮೈಕಿನ ತೂತೂ ಇದೆ. ಸೀಟಿನ ಹಿಂದೆ ಇನ್ನೆರಡು ಸ್ಪೀಕರು. ತೆಳ್ಳಗಿನ ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಹಚ್ಚಿದರೆ ಗಾಜು ಗಡಗಡ. ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

ಮೈಲಾರಪ್ಪ ಕಣ್ಣು ಮುಚ್ಚಿ ಕುಳಿತ. ಒಂದು ನುಡಿ ಮುಗಿಯಿತು. ಎರಡನೆಯದಕ್ಕೆ ತಾನೂ ದನಿಗೂಡಿಸಿದ. ಕಣ್ಣಲ್ಲಿ ನೀರು.

"ಈಗ ಬಂತ ನೋಡ್ರಿ ಮಾತು! ಹಾವೇರಿಯವರ ಮುಂದ ಗಾಡಿ ಒಯ್ದು ನಿಂದ್ರಸ್ತೇನಿ."

ಸುಳ್ಳೇಕೆ, ನನಗೂ ಖುಷಿಯಾಯಿತು.

14 ಫೆಬ್ರವರಿ

ಬ್ಯಾಡಗಿ ಸೀಜನ್ ಜೋರು. ಆ ಕಡೆಯಿಂದ ಬಂದ ಬಸ್ಸು ಬಾಗಿಲು ತೆರೆದರೆ ಇಲ್ಲಿ ನಾವು ಸೀನುತ್ತೇವೆ.

ಮೈಲಾರಪ್ಪನ ಗಾಡಿ ಅಂಗಡಿ ಮುಂದೆ ಹಾದುಹೋಯಿತು. ಹಾಡು ಮೊದಲು ಬಂತು, ಗಾಡಿ ಆಮೇಲೆ. ಕೂಗಿದೆ. ಉಚ್ಚಂಗೆವ್ವ ನೋಡಿದಳು, ಅವನು ನೋಡಲಿಲ್ಲ.

5 ಮಾರ್ಚ್, ಗುರುವಾರ

ಉಚ್ಚಂಗೆವ್ವ ಬಂದಿದ್ದಳು. ಬಲಗೈಗೆ ಬ್ಯಾಂಡೇಜು. ಎರಡು ಬೆರಳು ಹೋಗಿವೆ.

ಸೋಮವಾರ ಬ್ಯಾಡಗಿಯ ಒಂದು ಗೋದಾಮು. ಚೀಲ ಎತ್ತರಕ್ಕೆ ಹೇರಿದ್ದರು, ಕನ್ನಡಿಯಲ್ಲಿ ಅವಳು ಕಾಣುತ್ತಿರಲಿಲ್ಲ. ಗಾಡಿ ಹಿಂದಕ್ಕೆ ಬರುತ್ತಿತ್ತು. ಹಿಂದೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ನೆಲಕ್ಕೆ ಕುಳಿತಿದ್ದರು. ಗಟ್ಟಿಯಾಗಿ ಬಡಿದಳಂತೆ. ಮತ್ತೆ ಬಡಿದಳಂತೆ. ಹೆಂಗಸರೆಲ್ಲ ಚೀರಿದರಂತೆ. ಒಳಗೆ ಹಾಡು ನಡೆದಿತ್ತು. ಬಾಡಿ ಗೋಡೆಗೆ ತಾಗಿದ ಮೇಲೆ ಗಾಡಿ ನಿಂತಿತು. ನಡುವೆ ಇವಳ ಕೈ. ಏಳಲಾಗದ ಒಬ್ಬ ಮುದುಕಿ ಕುಳಿತಲ್ಲೇ ಇದ್ದಳಂತೆ, ಚಕ್ರಕ್ಕೂ ಅವಳ ಕಾಲಿಗೂ ಗೇಣು ಅಂತರ.

ಗಂಡ ಇಳಿದು ಬರುವಷ್ಟರಲ್ಲಿ ಎಡಗೈ ಬೆರಳನ್ನು ತುಟಿಗೆ ಇಟ್ಟು ಹೆಂಗಸರನ್ನು ಸುಮ್ಮನಾಗಿಸಿದಳಂತೆ.

"ಹಿಂದಿನ ಬಾಗಲಾ ಬಿದ್ದು ಸಿಕ್ಕಿತು ಅಂತ ಹೇಳೇನ್ರಿ. ನಂಬ್ಯಾರ. ನೀವು ಆ ಟೇಪ್ ಒಂದೀಟು ಸಣ್ಣ ಮಾಡ್ರಿ ಅಣ್ಣಾರ. ಅವರಿಗೆ ಗೊತ್ತಾಗದಂಗ."

"ಇನ್ನ ನನ್ನ ಕೈಲೆ ಆಗೂದಿಲ್ಲವ್ವಾ. ಹೇಳ್ತೇನಿ."

"ಮಾತು ಕೊಟ್ಟೀರಿ."

ಕೊಟ್ಟಿದ್ದೆ. ಆ ಬೆರಳು ತಿಂದದ್ದು ನನ್ನ ಆಂಪ್ಲಿಫಾಯರ್. ಬೇರೆ ಯಾರ ಮೇಲೂ ಹಾಕಲು ಬರುವುದಿಲ್ಲ.

8 ಮಾರ್ಚ್, ಭಾನುವಾರ

ರಂಜಾನ್ ಉಪವಾಸ. ಕೆಲಸ ಸಾಗಲಿಲ್ಲ.

ಹೇಳುವುದು ಹೇಗೆ? ಇಷ್ಟು ದೊಡ್ಡ ಮಾತನ್ನು ತುಟಿ ನೋಡಿ ಅರ್ಧಂಬರ್ಧ ತಿಳಿದುಕೊಳ್ಳಬಾರದು. ಕೂಗಿದರೆ ಬೈದ ಹಾಗೆ ಕೇಳುತ್ತದೆ, ಬಜಾರೆಲ್ಲ ತಿರುಗಿ ನೋಡುತ್ತದೆ. ಸಂಜೆಯೊಳಗೆ ಕರ್ಜಗಿಯಲ್ಲಿ ಇನ್ನೊಬ್ಬ ಕೆಪ್ಪ ಹುಟ್ಟುತ್ತಾನೆ.

ಮನೆಯಲ್ಲಿ ಹೆಂಡತಿ ಮಕ್ತುಮಬಿಗೆ ಹೇಳಿದೆ. ಚೀಟಿ ಬರೆದು ಕೊಡಿ ಎಂದಳು. ಮೈಲಾರಪ್ಪ ಎರಡನೇ ಇಯತ್ತೆಗೇ ಶಾಲೆ ಬಿಟ್ಟವನು. ಚೀಟಿ ಇನ್ನೊಬ್ಬರ ಕೈಯಲ್ಲಿ ಓದಿಸಬೇಕು. ಆಮೇಲೆ ಅವಳೇ ಅಂದಳು: ಕೇಳಿಸುವ ಸಾಮಾನು ನೀವೇ ಹಾಕಿಕೊಟ್ಟಿದ್ದೀರಲ್ಲ, ಅದರಲ್ಲೇ ಹೇಳಿ.

ಮೂವತ್ತು ವರ್ಷದ ಸಂಸಾರದಲ್ಲಿ ಇವಳ ಮಾತು ಯಾವಾಗಲೂ ಎರಡು ದಿನ ತಡವಾಗಿ ಕೇಳುತ್ತೇನೆ. ಈ ಸಲ ಆಗಲೇ ಕೇಳಿಸಿತು.

10 ಮಾರ್ಚ್, ಮಂಗಳವಾರ. ಸಂಜೆ ನಾಲ್ಕು

ಇಂದು ಟೇಪಿನ ಹೆಡ್ಡು ತೊಳೆಸಲು ಬಂದ. ಒಬ್ಬನೇ. ಹೆಂಡತಿಗೆ ಕೈ ಬಾವು ಬಂದಿದೆ, ಮನೆಯಲ್ಲಿ ಬಿಟ್ಟೆ ಎಂದ. ಕರ್ಜಗಿಯಿಂದ ಇಲ್ಲಿಯವರೆಗೆ ತೊಡೆ ಚಿವುಟುವವರಿಲ್ಲದೆ ಬಂದಿದ್ದಾನೆ.

ಟ್ರಯಲ್ ನೋಡೋಣ ಎಂದು ಪಕ್ಕದಲ್ಲಿ ಕುಳಿತೆ. ಮೈಕು ಚೀಲದಲ್ಲಿತ್ತು. ಹಲಗೇರಿ ರಸ್ತೆಗೆ ಹೋದೆವು. ಒಂದು ಕಡೆ ಹತ್ತಿ ಕಿತ್ತ ಹೊಲ, ಜನವಿಲ್ಲ. ನಿಲ್ಲಿಸು ಎಂದು ಕೈ ಮಾಡಿದೆ. ಇಂಜಿನ್ ಬಂದ್ ಮಾಡಿಸಿದೆ. ಗಾಜು ಏರಿಸಿದೆ. ಮೈಕು ಸಿಕ್ಕಿಸಿ, ಚಹಾ ಕುಡಿಯುತ್ತ ಆಡುವಷ್ಟೇ ಮೆಲ್ಲಗೆ ಅವನ ಹೆಸರು ಹೇಳಿದೆ. ಪೂರ್ತಿ ಹೆಸರು.

ಅವನು ನನ್ನ ಬಾಯಿ ನೋಡಲಿಲ್ಲ. ಸ್ಪೀಕರಿನ ಕಡೆ ತಿರುಗಿದ.

"ಸಾಬ್ರ, ನಿಮ್ಮ ದನಿ ಹಿಂಗೈತೇನ್ರಿ?"

ಆಮೇಲೆ ಹೇಳಿದೆ. ಸ್ಪೀಕರಿನ ತಪ್ಪಿರಲಿಲ್ಲ, ಟ್ವೀಟರಿನ ತಪ್ಪಿರಲಿಲ್ಲ, ಜನವರಿಯಿಂದ ನನಗೆ ಗೊತ್ತಿತ್ತು, ಹೇಳದೇ ಇದ್ದದ್ದು ನನ್ನ ತಪ್ಪು ಎಂದೆ. ಹುಬ್ಬಳ್ಳಿಯಲ್ಲಿ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅಲ್ಲಿಯವರೆಗೆ ಗಾಡಿ ಬೇಡ ಎಂದೆ. ಉಚ್ಚಂಗೆವ್ವನ ಸುದ್ದಿ ಎತ್ತಲಿಲ್ಲ.

ಕೋಪ ಮಾಡಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೊಲ ನೋಡುತ್ತ ಕುಳಿತ. ಕೀ ತೆಗೆದು ನನ್ನ ಅಂಗೈಯಲ್ಲಿ ಇಟ್ಟ.

"ಒಂದ ಕೇಳ್ತೇನಿ, ಖರೇ ಹೇಳ್ರಿ. ನಮ್ಮಾಕಿ ಕೈ... ಬಾಗಲಾಗ ಸಿಕ್ಕಿದ್ದಲ್ಲ, ಹೌದಲ್ರಿ?"

ಮತ್ತೆ ಸ್ಪೀಕರಿಗೆ ಕಿವಿ ಹಚ್ಚಿ ಕುಳಿತ. ಮೈಕಿನ ಗುಂಡಿ ಒತ್ತಿದೆ. ಹೌದು, ಬಾಗಿಲಲ್ಲಿ ಸಿಕ್ಕಿದ್ದಲ್ಲ ಎಂದೆ.