ಅತ್ತೆ, ಪುಟದ ಹೆಸರು ಬದಲಾಯಿಸಿದ್ದೇನೆ

ಪ್ರೀತಿಯ ಅತ್ತೆ,

ತಮ್ಮನ ಮನೆಗೆ ಹೋಗಿ ಕೂತಿದ್ದೀಯ, ಫೋನ್ ಮಾಡಿದರೆ ಅಪ್ಪನ ಕೈಗೆ ಕೊಟ್ಟು ಎದ್ದು ಹೋಗುತ್ತೀಯ. ಪತ್ರವನ್ನು ಹಾಗೆ ಮಾಡುವುದು ನಿನ್ನಿಂದ ಆಗದು. ಎಷ್ಟೇ ಮುಖ ಊದಿಸಿಕೊಂಡಿದ್ದರೂ, ಒಳಗೇನಿದೆ ಎಂದು ನೋಡದೆ ನಿನಗೆ ನಿದ್ದೆ ಬರುವುದಿಲ್ಲ. ಅಪ್ಪ ನಿನ್ನೆ ಗುಟ್ಟಾಗಿ ಹೇಳಿದ: "ನಿಮ್ಮತ್ತೆ ಮನೇಲಿರೋ ಹಳೇ ಚಪ್ಪಲಿ ಎಲ್ಲಾ ಹೊಲಿದು ಮುಗಿಸಿದಾಳೆ. ಈಗ ಪಕ್ಕದ ಮನೆಯೋರ ಚಪ್ಪಲಿ ಮೇಲೆ ಕಣ್ಣು ಹಾಕಿದಾಳೆ. ಬೇಗ ರಾಜಿ ಮಾಡ್ಕೊಳ್ಳಮ್ಮ." ಅಪ್ಪನಿಗಾಗಿಯಾದರೂ ರಾಜಿಗೆ ಬಂದಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ. ನೀನು ಬೇಡ ಎಂದ ಕೆಲಸವನ್ನು ಮಾಡಿದ್ದೇನೆ. ನಮ್ಮ ವೆಬ್‌ಸೈಟಿನ ಪುಟದ ಹೆಸರು ಬದಲಾಯಿಸಿದ್ದೇನೆ. ಆ ಪದ ಈಗ ಅಲ್ಲಿದೆ.

ಪತ್ರ ಹರಿಯಬೇಡ. ಪೂರ್ತಿ ಓದು.

ಆ ಪದ ನಿನಗೆ ಯಾಕೆ ಆಗದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡ. ಬೀದಿಯ ಹುಡುಗರು 'ಕುಂಟಿ' ಎಂದು ಕೂಗಿಕೊಂಡು ನನ್ನ ಹಿಂದೆ ಬಂದ ದಿನ, ನೀನು ಚಪ್ಪಲಿ ಬಡಿಯುವ ಸುತ್ತಿಗೆಯನ್ನು ಕೈಯಲ್ಲೇ ಹಿಡಿದು ಹೊರಗೆ ಓಡಿಬಂದೆ. ಹುಡುಗರು ದಿಕ್ಕಾಪಾಲಾದರು. ಆಮೇಲೆ ನನ್ನನ್ನು ಅಂಗಡಿಯೊಳಗೆ ನಿಲ್ಲಿಸಿ, ಎಡಗಾಲಿನ ಕೆಳಗೆ ತೆಳ್ಳನೆಯ ಹಲಗೆಗಳನ್ನು ಒಂದೊಂದಾಗಿ ಸರಿಸುತ್ತಾ ಹೇಳಿದೆ: "ನಿನ್ನ ಕಾಲು ಸರಿಯಾಗೇ ಇದೆ ಕಣೇ. ಈ ಹಾಳಾದ ನೆಲಾನೇ ಒಂದು ಕಡೆ ತಗ್ಗು. ಈಗ ನೋಡು, ನೆಲ ಸರಿಯಾಯ್ತಾ?" ನಾನು ಅದನ್ನು ನಂಬಿದೆ. ತುಂಬಾ ವರ್ಷ ನಂಬಿದೆ. ಬೇರೆಯವರ ಮನೆಗೆ ಹೋದಾಗ ಪಾಪ, ಇವರ ಮನೆಯ ನೆಲವೂ ತಗ್ಗು ಎಂದು ಮರುಗುತ್ತಿದ್ದೆ.

ಮಾಮೂಲಿ ಚಪ್ಪಲಿ ಹೊಲಿಯುತ್ತಿದ್ದ ನೀನು ಎತ್ತರದ ಅಟ್ಟೆಯ ಶೂ ಮಾಡಲು ಕಲಿತದ್ದು ನನಗೋಸ್ಕರ. ನನ್ನ ಪಾದದ ಮರದ ಅಚ್ಚಿನ ಮೇಲೆ ಕಾದ ಕಂಬಿಯಿಂದ 'ಕುದುರೆ' ಎಂದು ಬರೆದೆ, ಕುಣಿಕುಣಿದು ನಡೆಯುತ್ತೀಯಲ್ಲ, ಅದಕ್ಕೆ ಎಂದೆ. ಆಮೇಲೆ ಬಂದ ಮಕ್ಕಳಿಗೂ ಅದೇ ಪದ್ಧತಿಯಾಯಿತು. ಗೋಡೆಯ ಮೊಳೆಗಳಲ್ಲಿ ತೂಗುವ ಅಚ್ಚುಗಳ ಮೇಲೆ ಗುಬ್ಬಿ, ಮೇಷ್ಟ್ರು, ಬುಗುರಿ, ಸಿಡುಕಪ್ಪ. ಮಗುವಿನ ಜೊತೆ ಅರ್ಧ ಗಂಟೆ ಹರಟೆ ಹೊಡೆಯದೆ ನೀನು ಯಾವ ಅಚ್ಚಿಗೂ ಹೆಸರಿಟ್ಟವಳಲ್ಲ.

ಮಕ್ಕಳನ್ನು ನಮ್ಮಲ್ಲಿಗೆ ಕಳಿಸುತ್ತಿದ್ದ ಮೂಳೆ ಡಾಕ್ಟರು ನಿವೃತ್ತರಾದ ಮೇಲೆ ಎಲ್ಲ ತಣ್ಣಗಾಯಿತು. ಹೊಸ ಡಾಕ್ಟರಿಗೆ ನಮ್ಮ ಅಂಗಡಿ ಇರುವುದೇ ಗೊತ್ತಿಲ್ಲ. ಒಂದು ಮಧ್ಯಾಹ್ನ ನೀನು ಹೊಲಿಗೆ ಮೆಷಿನ್ನಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ ಅಂಚುಗಳನ್ನು ನಿಧಾನವಾಗಿ ಸಿಕ್ಕಿಸುತ್ತಿದ್ದೆ. ಊರ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ನಾನು, ನಮ್ಮ ಅಂಗಡಿಗೇ ಮಾಡಿರಲಿಲ್ಲ. ಅಂದೇ ಕೂತೆ. ಪುಟಕ್ಕೆ ಏನು ಹೆಸರಿಡಲಿ ಎಂದು ಕೇಳಿದರೆ ನೀನು ಒಂದು ಕ್ಷಣವೂ ಯೋಚಿಸದೆ, "ನೆಲ ಸರಿ ಮಾಡುವ ಅಂಗಡಿ ಅಂತ ಹಾಕು" ಎಂದೆ. ಫೋಟೋಗಳ ಹೆಸರೂ ನಿನ್ನವೇ, ಗುಬ್ಬಿ, ಬುಗುರಿ, ಸಿಡುಕಪ್ಪ.

ಆಮೇಲಿನ ಕತೆ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಫೋನುಗಳೇನೋ ಬಂದವು. "ಹಾಲ್‌ಗೆ ಟೈಲ್ಸ್ ಹಾಕಿಸ್ಬೇಕು, ನೀರು ಒಂದೇ ಕಡೆ ನಿಲ್ಲುತ್ತೆ, ಯಾವಾಗ ಬರ್ತೀರಾ?" ಒಬ್ಬ ಗಾರೆ ಮೇಸ್ತ್ರಿಯಂತೂ ಕೆಲಸ ಕೇಳಿಕೊಂಡು ಅಂಗಡಿಗೇ ಬಂದುಬಿಟ್ಟ. ನೀನು ಅವನನ್ನು ಬರಿಗೈಯಲ್ಲಿ ಕಳಿಸಲಾರದೆ, ಕಿತ್ತುಹೋಗಿದ್ದ ಅವನ ಚಪ್ಪಲಿ ಹೊಲಿದುಕೊಟ್ಟೆ.

ನಾವು ನಕ್ಕಿದ್ದು ಆ ತಾಯಿ ಬರುವವರೆಗೆ. ಬಸ್ಸಿನಲ್ಲಿ ನಮ್ಮ ಗುಬ್ಬಿಯ ಶೂ ನೋಡಿ, ಅವಳ ಅಮ್ಮನಿಂದ ವಿಳಾಸ ಕೇಳಿಕೊಂಡು ಬಂದವಳು. ಜೊತೆಗಿದ್ದ ಮಗಳು ಬಾಗಿಲಲ್ಲೇ ನಿಂತು ಶೂ ಬಿಚ್ಚಲು ಒಲ್ಲೆ ಎಂದಳು. ಕೊನೆಗೆ ಬಿಚ್ಚಿದರೆ ಒಳಗಿಂದ ಮಡಚಿದ ರಟ್ಟಿನ ತುಂಡುಗಳು, ಅವುಗಳ ಮೇಲೆ ಸಾಕ್ಸ್, ಅದರ ಮೇಲೆ ಇನ್ನೊಂದು ಸಾಕ್ಸ್. ಹಿಮ್ಮಡಿ ಕೆಂಪಗೆ ಕಿತ್ತುಹೋಗಿತ್ತು. "ನಾನು ಹುಡುಕದೇ ಇರೋ ಜಾಗ ಇಲ್ಲ ಅಕ್ಕಾ. ಫೋನಲ್ಲಿ ಎಷ್ಟು ಸಲ ನೋಡಿದೀನಿ. ಇಲ್ಲೇ ಎರಡು ಬೀದಿ ಆಚೆ ನಮ್ಮನೆ" ಎಂದಳು ಆಕೆ. ಏನೆಂದು ಹುಡುಕಿದಿರಿ ಎಂದು ಕೇಳಿದೆ. ಫೋನು ನನ್ನ ಕೈಗಿಟ್ಟಳು. 'ಮಗಳು ಕುಂಟುತ್ತಾಳೆ ಯಾವ ಶೂ ಹಾಕಬೇಕು.' ನೀನು ನನ್ನ ಭುಜದ ಹಿಂದಿನಿಂದ ಅದನ್ನು ಓದಿದೆ.

ಪುಟದ ಹೆಸರಿಗೆ ಆ ಪದ ಹಾಕೋಣ ಎಂದು ನಾನು ಹೇಳಿದ್ದಕ್ಕೆ ಅಂದು ಸಂಜೆ ನಡೆದ ಜಗಳವನ್ನು ಮತ್ತೆ ಬರೆಯುವುದಿಲ್ಲ. "ಆ ಪದ ನನ್ನ ಅಂಗಡಿ ಬಾಗಿಲು ದಾಟಬಾರದು. ನೀನೇ ಬರೀತೀನಿ ಅಂತೀಯಲ್ಲ, ನಾಚಿಕೆ ಆಗಲ್ವಾ?" ಎಂದೆ ನೀನು. ಬೆಳಗಾದರೆ ಬ್ಯಾಗು ಹಿಡಿದು ಅಪ್ಪನ ಮನೆಗೆ ಹೊರಟೇಬಿಟ್ಟೆ.

ಅತ್ತೆ, ನನ್ನ ಕಸುಬಿನ ವಿಷಯ ಸ್ವಲ್ಪ ಹೇಳುತ್ತೇನೆ, ಕೇಳು. ಹುಡುಕುವ ಯಂತ್ರಕ್ಕೆ ನಿನ್ನ ಮನಸ್ಸು ಕಾಣುವುದಿಲ್ಲ. ಅದು ಪುಟದ ಹೆಸರು ನೋಡುತ್ತದೆ, ವಿಳಾಸದಲ್ಲಿರುವ ಪದ ನೋಡುತ್ತದೆ, ಮೊದಲ ಸಾಲು ನೋಡುತ್ತದೆ, ಫೋಟೋಗೆ ಕೊಟ್ಟ ಹೆಸರನ್ನೂ ನೋಡುತ್ತದೆ. ಹುಡುಕುವವರು ಬರೆದ ಮಾತಿಗೆ ಅವು ಹೊಂದಿದರೆ ಪುಟವನ್ನು ಮುಂದೆ ತರುತ್ತದೆ, ಇಲ್ಲದಿದ್ದರೆ ಎಲ್ಲೋ ಮೂಲೆಗೆ ತಳ್ಳುತ್ತದೆ. ಹಾಗೆಂದು ಹೆಸರೊಂದರಿಂದಲೇ ಎಲ್ಲ ಆಗಿಬಿಡುವುದಿಲ್ಲ. ಸಿಕ್ಕಸಿಕ್ಕ ಪದಗಳನ್ನೆಲ್ಲ ಹೆಸರಿಗೆ ತುರುಕಿದರೆ ಅದಕ್ಕೂ ಅನುಮಾನ ಬರುತ್ತದೆ. ಒಳಗೆ ನಿಜವಾದ ಸರಕು ಇರಬೇಕು, ಹೊರಗೆ ಅದರ ಹೆಸರು ನೇರವಾಗಿರಬೇಕು. ನಮ್ಮಲ್ಲಿ ಸರಕಿತ್ತು, ಹೆಸರು ಮಾತ್ರ ನಮ್ಮಿಬ್ಬರಿಗಷ್ಟೇ ಗೊತ್ತಿದ್ದ ಮಾತಾಗಿತ್ತು. ಎರಡು ಬೀದಿ ಆಚೆ ಆ ತಾಯಿ ಕೂತು ರಟ್ಟು ಕತ್ತರಿಸುತ್ತಿದ್ದಳು.

ಆಕೆ ಆ ಪದವನ್ನು ಬೈಗುಳವಾಗಿ ಬರೆದಿರಲಿಲ್ಲ. ಅವಳಿಗೆ ಬೇರೆ ಪದ ಗೊತ್ತಿರಲಿಲ್ಲ, ಅಷ್ಟೇ. ಜೀವಮಾನವಿಡೀ ಆ ಪದ ನನ್ನ ಕಿವಿಗೆ ಬೀಳದಂತೆ ನೀನು ಅಡ್ಡ ನಿಂತೆ. ಅದಕ್ಕೆ ನಾನು ಏನು ಕೊಟ್ಟರೂ ಕಡಿಮೆಯೇ. ಆದರೆ ಅತ್ತೆ, ಅದು ನನಗೆ ಎಸೆದ ಪದ. ಅದನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ನನಗೂ ಸ್ವಲ್ಪ ಇದೆ. ನನಗೆ ನಾಚಿಕೆ ಆಗಲಿಲ್ಲ. ನೀನು ಮಾಡಿಕೊಟ್ಟ ಶೂ ಹಾಕಿಕೊಂಡೇ ಕೂತು ಅದನ್ನು ಬರೆದೆ.

ಈಗ ಪುಟದ ಹೆಸರು 'ಮಗು ಕುಂಟುತ್ತಿದೆಯೇ? ಎತ್ತರದ ಅಟ್ಟೆಯ ಶೂ ಇಲ್ಲಿ ಮಾಡುತ್ತೇವೆ'. ಬಾಗಿಲ ಹೊರಗೆ ಹುಡುಕಿ ಬರುವವರ ಮಾತು. ತೆರೆದು ಒಳಗೆ ಬಂದರೆ, ನನ್ನ ಚಿಕ್ಕಂದಿನ ಫೋಟೋ ಕೆಳಗೆ, ದಪ್ಪ ಅಕ್ಷರದಲ್ಲಿ ನಿನ್ನ ಮಾತು: 'ನಿಮ್ಮ ಮಗುವಿನ ಕಾಲು ಸರಿಯಾಗೇ ಇದೆ. ನೆಲ ಒಂದು ಕಡೆ ತಗ್ಗು.' ಬೈಗುಳವನ್ನಷ್ಟೇ ಬಿಟ್ಟಿದ್ದೇನೆ, ಅರ್ಥ ಬದಲಾಯಿಸಿಲ್ಲ. ಹಳೆಯ ವಿಳಾಸ ಹಿಡಿದು ಬಂದವರೂ ಮುಚ್ಚಿದ ಬಾಗಿಲು ನೋಡಬಾರದೆಂದು, ಅವರೂ ನೇರ ಹೊಸ ಪುಟಕ್ಕೇ ಬರುವ ಹಾಗೆ ಮಾಡಿದ್ದೇನೆ. ಮೇಸ್ತ್ರಿಗೂ ದಾರಿ ತಪ್ಪುವುದಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಈ ವಾರದಿಂದ ಫೋನು ಬರತೊಡಗಿದೆ. ಟೈಲ್ಸಿನ ಸುದ್ದಿ ಇಲ್ಲ. ಒಬ್ಬ ಅಜ್ಜ ಮೊಮ್ಮಗನಿಗಾಗಿ ಕೇಳಿದ. ಒಬ್ಬಳು ಸ್ವಲ್ಪ ಹೊತ್ತು ಅತ್ತು, ಆಮೇಲೆ "ಆ ಮೊದಲನೇ ಸಾಲು ಯಾರು ಬರೆದಿದ್ದು?" ಎಂದು ಕೇಳಿದಳು. ನಮ್ಮತ್ತೆ ಎಂದೆ.

ಮೊನ್ನೆ ಆ ಪುಟ್ಟಿ ಅಳತೆಗೆ ಬಂದಿದ್ದಳು, ರಟ್ಟಿನ ಶೂ ಹಾಕಿಕೊಂಡವಳು. ನೀನು ಮಾಡುವಂತೆಯೇ ಹಲಗೆಗಳನ್ನು ಒಂದೊಂದಾಗಿ ಸರಿಸಿ, ನೆಲ ಸರಿಯಾಯ್ತಾ ಎಂದು ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಬರಲ್ಲ. ಆ ಅಜ್ಜಿ ಎಲ್ಲಿ?" ಎಂದಳು. ನಿನ್ನನ್ನು ಅಜ್ಜಿ ಎಂದದ್ದಕ್ಕೆ ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ, ಅವಳನ್ನೇ ಕೇಳು. ಅವಳ ಅಚ್ಚು ಕೆತ್ತಿಸಿ ಮೊಳೆಗೆ ತೂಗುಹಾಕಿದ್ದೇನೆ. ಮೆಷಿನ್ನಿನ ಬೆಡ್‌ಶೀಟು ಒಗೆದು ಮಡಚಿಟ್ಟಿದ್ದೇನೆ. ಅಚ್ಚಿನ ಮೇಲೆ ಮಾತ್ರ ಇನ್ನೂ ಏನೂ ಬರೆದಿಲ್ಲ. ಪುಟಕ್ಕೆ ಹೆಸರಿಡುವುದು ನನ್ನ ಕೆಲಸ. ಮಗುವಿಗೆ ಹೆಸರಿಡುವುದು ನಿನ್ನದು.

ಬರುವಾಗ ಮೊಣಕಾಲಿಗೆ ಕಟ್ಟುವ ಪಟ್ಟಿ ಮರೆಯಬೇಡ. ಅಪ್ಪನಿಗೆ ನನ್ನ ನಮಸ್ಕಾರ ಹೇಳು, ಪಕ್ಕದ ಮನೆಯವರ ಚಪ್ಪಲಿಗಳನ್ನು ವಾಪಸ್ ಕೊಡು. ನಿನ್ನ ಕೈ ಸದಾ ಹೀಗೇ ಓಡುತ್ತಿರಲಿ, ಅತ್ತೆ. ನೀನು ಕಾಲಿಟ್ಟ ಕಡೆಯೆಲ್ಲ ನೆಲ ಸಮವಾಗಿರಲಿ.

ಬಾಗಿಲು ತೆಗೆದಿಟ್ಟುಕೊಂಡು ಕಾಯುತ್ತಿರುವ,
ನಿನ್ನ ಕುದುರೆ